ತೊಗಟೆಯ ಮೇಲಿನ ಪುಟ್ಟ ಕೊಡೆ

ಎರಡು ದಿನ ಉತ್ತರಿ ಮಳೆ ಹಿಡಿದಿತ್ತು. ಮೂರನೇ ದಿನ ಬೆಳಿಗ್ಗೆ ಹೊಳವಾಯಿತು. ಎಳೆ ಬಿಸಿಲು ಬಿತ್ತು.

ಅಂದು ಕಮಲಾಪುರದಲ್ಲಿ ಅಕ್ಷರ ಕಲಿತ ಅಕ್ಕಂದಿರು ಸೇರಿದ್ದರು. ಹೊಸಪೇಟೆಯಿಂದ ಒಬ್ಬ ಅಕ್ಕ ಬಂದಿದ್ದಳು. ಸಂಡೂರಿನ ಕಡೆಯ ತಾಂಡಾದಿಂದ ಒಬ್ಬಳು, ಕಂಪ್ಲಿಯಿಂದ ಒಬ್ಬಳು ಬಂದಿದ್ದರು. ಹಂಪಿಯ ಅಜ್ಜಿ ಮೊಮ್ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಬಂದಿದ್ದಳು. ಎಲ್ಲರೂ ಹುಣಸೆ ಮರದ ಕೆಳಗೆ ಚಾಪೆ ಹಾಸಿ ಕುಳಿತರು.

ಅಜ್ಜಿ ಪುಸ್ತಕ ಬಿಡಿಸಿದಳು. ಮೊಮ್ಮಗಳು ಮರದ ಹತ್ತಿರ ಆಡುತ್ತಿದ್ದಳು. ತೊಗಟೆಯಿಂದ ಏನನ್ನೋ ಕಿತ್ತಳು. ಮುಷ್ಟಿ ಬಾಯಿಯ ಹತ್ತಿರ ಹೋಯಿತು.

"ಯವ್ವಾ, ಕೂಸು ಏನೋ ಬಾಯಾಗ ಹಾಕ್ಕೊಳ್ಳಾಕ ಹತ್ತೈತಿ!" ಎಂದು ಕಂಪ್ಲಿಯ ಅಕ್ಕ ಕೂಗಿದಳು.

ಅಜ್ಜಿ ಓಡಿದಳು. ಕೂಸಿನ ಕೈ ಹಿಡಿದಳು. ಮುಷ್ಟಿ ಬಿಡಿಸಿದಳು. ಅಂಗೈಯಲ್ಲಿ ಒಂದು ಪುಟ್ಟ ಬಿಳಿ ಕೊಡೆ ಇತ್ತು. ಜೋಳದ ಕಾಳಿಗಿಂತ ಸಣ್ಣದು. ಕಾಂಡ ನೂಲಿನ ಎಳೆಯಷ್ಟು ತೆಳುವಾಗಿತ್ತು.

ಅಷ್ಟರಲ್ಲಿ ಸಂಡೂರಿನ ಅಕ್ಕ ತೊಗಟೆಯನ್ನು ನೋಡಿದಳು. ಅವಳ ಮುಖ ಸಪ್ಪಗಾಯಿತು.

"ಇಲ್ಲಿ ಎರಡು ಕಾಂಡ ಮುರದಾವ. ಕೂಸಿನ ಕೈಯಾಗ ಒಂದ ಐತಿ. ಇನ್ನೊಂದು ಎಲ್ಲಿ?"

ಯಾರೂ ಮಾತಾಡಲಿಲ್ಲ. ಕೂಸಿನ ಬಾಯಿ ತೆರೆದು ನೋಡಿದರು. ಚಾಪೆ ಕೊಡವಿದರು. ನೆಲ ಹುಡುಕಿದರು. ಕೊನೆಗೆ ಅಜ್ಜಿಯ ಸೆರಗಿನ ಮಡಿಕೆಯಲ್ಲಿ ಎರಡನೇ ಕೊಡೆ ಸಿಕ್ಕಿತು. ಮುರಿದ ಕಾಂಡಕ್ಕೆ ಹಿಡಿದು ನೋಡಿದರು. ಸರಿಯಾಗಿ ಕೂತಿತು. ಎಲ್ಲರೂ ಉಸಿರು ಬಿಟ್ಟರು.

"ಇದು ನಾಯಿಕೊಡೆ ಅಲ್ಲೇನ?" ಎಂದು ಹೊಸಪೇಟೆಯ ಅಕ್ಕ ಕೇಳಿದಳು. "ನಾಯಿಕೊಡೆ ತಿಪ್ಪಿ ಮ್ಯಾಲ ಬೆಳೀತೈತಿ. ಮರದ ಮ್ಯಾಲಿಂದು ವಿಷ ಇರಂಗಿಲ್ಲ ಅಂತಾರ."

"ಯಾರು ಅಂತಾರ?" ಎಂದು ಕಲಿಸುವ ಅಕ್ಕ ಕೇಳಿದಳು. ಹೊಸಪೇಟೆಯ ಅಕ್ಕ ಸುಮ್ಮನಾದಳು. "ಇನ್ನೊಂದು ಸಿಗದೆ ಇದ್ದಿದ್ದರೆ ನಾವು ಏನು ಮಾಡಬೇಕಿತ್ತು? ಇವತ್ತು ಅದನ್ನೇ ಕಲಿಯೋಣ. ಪುಸ್ತಕ ಮುಚ್ಚಿರಿ. ಇವತ್ತಿನ ಪಾಠ ಮರದ ಮೇಲೆ ಇದೆ."

ನೀವೂ ಅವರ ಜೊತೆ ಬನ್ನಿ. ಓದುತ್ತಾ ನೋಡೋಣ.

ಅಣಬೆ ಎಂದರೆ ಏನು?

ನಾಯಿಕೊಡೆಗೆ ಅಣಬೆ ಎಂಬ ಹೆಸರೂ ಇದೆ. ಅಣಬೆ ಗಿಡವಲ್ಲ. ಪ್ರಾಣಿಯೂ ಅಲ್ಲ. ಅದು ಬೇರೆಯೇ ಒಂದು ಕುಲ. ಆ ಕುಲಕ್ಕೆ ಶಿಲೀಂಧ್ರ ಎಂದು ಹೆಸರು. ಹಳಸಿದ ರೊಟ್ಟಿಯ ಮೇಲಿನ ಬೂಷ್ಟು ಕೂಡ ಇದೇ ಕುಲದ್ದು.

ಗಿಡದ ಎಲೆ ಹಸಿರಾಗಿರುತ್ತದೆ. ಆ ಹಸಿರು ಬಿಸಿಲಿನಲ್ಲಿ ಅಡುಗೆ ಮಾಡುತ್ತದೆ. ಅಣಬೆಯಲ್ಲಿ ಆ ಹಸಿರು ಇಲ್ಲ. ಅದಕ್ಕೆ ತನ್ನ ಊಟ ತಾನೇ ಮಾಡಿಕೊಳ್ಳಲು ಬರುವುದಿಲ್ಲ. ಅದು ಸತ್ತ ಕಟ್ಟಿಗೆ, ಬಿದ್ದ ಎಲೆ, ಸಗಣಿಯಿಂದ ಊಟ ಹೀರುತ್ತದೆ. ಕೆಲವು ಅಣಬೆಗಳು ಬದುಕಿರುವ ಮರದಿಂದಲೂ ಹೀರುತ್ತವೆ.

ನಮಗೆ ಕಾಣುವ ಕೊಡೆ ಅಣಬೆಯ ಒಂದು ಭಾಗ ಮಾತ್ರ. ಮಾವಿನ ಮರಕ್ಕೆ ಹಣ್ಣು ಹೇಗೋ, ಅಣಬೆಗೆ ಕೊಡೆ ಹಾಗೆ. ಅದರ ಮೈ ತೊಗಟೆಯ ಒಳಗೆ ಇರುತ್ತದೆ. ಅದು ಬಿಳಿ ನೂಲಿನಂಥ ಎಳೆಗಳ ಬಲೆ. ವರ್ಷವಿಡೀ ಅದು ಒಳಗೇ ಇರುತ್ತದೆ. ಮಳೆ ಬಂದು ತೇವ ಹಿಡಿದಾಗ ಹೊರಗೆ ಕೊಡೆ ಬಿಡುತ್ತದೆ.

ಕೊಡೆಯ ಕೆಲಸ ಬೀಜ ಹರಡುವುದು. ಅಣಬೆಯ ಬೀಜಕ್ಕೆ ಬೀಜಕಣ ಎನ್ನುತ್ತಾರೆ. ಒಂದೊಂದು ಕಣ ಕಣ್ಣಿಗೆ ಕಾಣದಷ್ಟು ಸಣ್ಣದು. ಗಾಳಿ ಅದನ್ನು ಹೊತ್ತುಕೊಂಡು ಹೋಗುತ್ತದೆ.

"ಅಂದರ ಕೊಡೆ ಕಿತ್ತರೂ ಅಣಬಿ ಸಾಯಂಗಿಲ್ಲ?" ಎಂದಳು ಕಂಪ್ಲಿಯ ಅಕ್ಕ.

"ಹೌದು. ಹಣ್ಣು ಕಿತ್ತರೆ ಮರ ಸಾಯುತ್ತದೆಯೇ?" ಎಂದಳು ಕಲಿಸುವ ಅಕ್ಕ.

ಕಾಡಿನಲ್ಲಿ ಎಷ್ಟೋ ಮರ ಬೀಳುತ್ತವೆ. ಎಷ್ಟೋ ಎಲೆ ಉದುರುತ್ತವೆ. ಅಣಬೆ ಅವನ್ನು ಕೊಳೆಸಿ ಮಣ್ಣು ಮಾಡುತ್ತದೆ. ಅಣಬೆ ಇಲ್ಲದಿದ್ದರೆ ಸತ್ತ ಕಟ್ಟಿಗೆ ರಾಶಿ ಬಿದ್ದಿರುತ್ತಿತ್ತು. ಭೂಮಿಗೆ ಗೊಬ್ಬರ ಸಿಗುತ್ತಿರಲಿಲ್ಲ.

ಎಲ್ಲಿ, ಯಾವಾಗ ಹುಡುಕಬೇಕು?

ನಮ್ಮದು ಬಯಲು ಸೀಮೆ. ಮಲೆನಾಡಿನ ಹಾಗೆ ಇಲ್ಲಿ ದಿನವೂ ಮಳೆ ಸುರಿಯುವುದಿಲ್ಲ. ನಮ್ಮ ಕಡೆ ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ ಮಳೆ ಹೆಚ್ಚು. ಹುಬ್ಬಿ, ಉತ್ತರಿ, ಹಸ್ತ, ಚಿತ್ತಿ ಮಳೆಗಳ ಕಾಲ ಅದು. ಹುಡುಕಲು ಅದೇ ಒಳ್ಳೆಯ ಕಾಲ.

ಮಳೆ ಬಂದ ಎರಡು ಮೂರು ದಿನದ ಮೇಲೆ ನೋಡಿ. ಬೆಳಿಗ್ಗೆ ನೋಡಿ. ಬಿಸಿಲು ಏರಿದರೆ ಪುಟ್ಟ ಅಣಬೆ ಬಾಡಿ ಬೀಳುತ್ತದೆ.

ಎಲ್ಲಿ ನೋಡಬೇಕು?

1. ಹಳೆಯ ಮರದ ಬುಡದಲ್ಲಿ. ಹುಣಸೆ, ಮಾವು, ಬೇವು, ಹೊಂಗೆ ಯಾವುದಾದರೂ ಸರಿ.

2. ಬಿಸಿಲು ಬೀಳದ ಮಗ್ಗುಲಲ್ಲಿ.

3. ತೊಗಟೆಯ ಸೀಳಿನಲ್ಲಿ. ಹಸಿರು ಪಾಚಿ ಕಟ್ಟಿದ ಜಾಗದಲ್ಲಿ.

4. ಕಡಿದ ಕೊಂಬೆಯ ಗಾಯದಲ್ಲಿ. ಕೊರಡಿನಲ್ಲಿ. ಹಿತ್ತಿಲಿನ ಹಳೆಯ ಕಟ್ಟಿಗೆ ಒಟ್ಟಿಲಿನಲ್ಲಿ.

ನಿಂತು ನೋಡಿದರೆ ಪುಟ್ಟ ಅಣಬೆ ಕಾಣುವುದಿಲ್ಲ. ಕುಕ್ಕರುಗಾಲಿನಲ್ಲಿ ಕೂಡಿರಿ. ಮುಖವನ್ನು ತೊಗಟೆಗೆ ಒಂದು ಗೇಣು ದೂರ ಇಡಿ. ಒಂದೇ ಜಾಗವನ್ನು ನೂರು ಎಣಿಸುವ ತನಕ ನೋಡಿ. ಅಕ್ಕಿ ಆರಿಸುವಾಗ ಕಲ್ಲು ಹೇಗೆ ಹುಡುಕುತ್ತೀರೋ ಹಾಗೆ. ಮೊದಲು ಏನೂ ಕಾಣುವುದಿಲ್ಲ. ಒಂದು ಕಂಡ ಮೇಲೆ ಹತ್ತು ಕಾಣುತ್ತವೆ.

ಭೂತಗನ್ನಡಿ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಓದುವ ಕನ್ನಡಕ ಸಾಕು. ಅಣಬೆಯ ಕೆಳಭಾಗ ನೋಡಲು ಕೈಗನ್ನಡಿ ಇಡಿ. ಆಗ ಅದನ್ನು ಕೀಳದೆಯೇ ಕೆಳಗಿನ ಭಾಗ ಕನ್ನಡಿಯಲ್ಲಿ ಕಾಣುತ್ತದೆ. ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿಯೂ ನೋಡಬಹುದು.

ಎಚ್ಚರಿಕೆಯೂ ಬೇಕು. ತೊಗಟೆಯ ಸೀಳಿನಲ್ಲಿ ಚೇಳು, ಜರಿ ಇರುತ್ತವೆ. ಕೈ ಹಾಕಬೇಡಿ. ಕಡ್ಡಿಯಿಂದ ತಟ್ಟಿ ನೋಡಿ. ದರೋಜಿಯಲ್ಲಿ 1994ರಲ್ಲಿ ಕರಡಿಧಾಮ ಆಯಿತು. ಆ ಸುತ್ತಿನ ಗುಡ್ಡಗಳಲ್ಲಿ ಕರಡಿಗಳು ಓಡಾಡುತ್ತವೆ. ಸಂಡೂರಿನ ಕಾಡಿನಲ್ಲೂ ಒಬ್ಬರೇ ಹೋಗಬೇಡಿ. ನಸುಕಿನಲ್ಲಿ, ಮುಚ್ಚಂಜೆಯಲ್ಲಿ ಗುಡ್ಡ ಹತ್ತಬೇಡಿ. ಮನೆಯ ಮುಂದಿನ ಮರವೇ ಪಾಠಕ್ಕೆ ಸಾಕು. ಹಂಪಿಯ ಗುಡಿಗಳ ಅಂಗಳದ ಮರಗಳನ್ನು ಕಣ್ಣಿನಿಂದ ನೋಡಿ. ಅಲ್ಲಿ ಏನನ್ನೂ ಕೆರೆಯಬೇಡಿ, ಕೀಳಬೇಡಿ.

ಇದು ಅಣಬೆ ಹೌದೋ ಅಲ್ಲವೋ?

ಹಂಪಿಯ ಅಜ್ಜಿ ಮರದ ಮೇಲೆ ಬೂದು ಬಣ್ಣದ ಹಕ್ಕಳೆ ತೋರಿಸಿದಳು. "ಇದೂ ಅಣಬಿ ಏನು? ನಮ್ಮೂರ ಬಂಡಿ ಮ್ಯಾಲೆಲ್ಲ ಇಂಥದ್ದ ಐತಿ."

ಅದು ಅಣಬೆ ಅಲ್ಲ. ಅದು ಕಲ್ಲುಹೂವು. ಮಸಾಲೆಗೆ ಹಾಕುವ ಕಲ್ಲುಹೂವು ಕೂಡ ಇದೇ ಬಗೆಯದು. ಆದರೆ ಅದು ಅಣಬೆಯ ನೆಂಟ. ಒಂದು ಶಿಲೀಂಧ್ರ ಮತ್ತು ಒಂದು ಹಸಿರು ಪಾಚಿ ಒಂದೇ ಮನೆಯಲ್ಲಿ ಬಾಳಿದರೆ ಅದು ಕಲ್ಲುಹೂವು. ಪಾಚಿ ಬಿಸಿಲಿನಲ್ಲಿ ಅಡುಗೆ ಮಾಡುತ್ತದೆ. ಶಿಲೀಂಧ್ರ ಮನೆ ಕಟ್ಟಿ ನೀರು ಹಿಡಿದಿಡುತ್ತದೆ. ಇಬ್ಬರೂ ಸೇರಿ ಸಂಸಾರ ಮಾಡುತ್ತಾರೆ. ಹಾಗಾಗಿ ಬರೀ ಬಂಡೆಯ ಮೇಲೂ ಬದುಕುತ್ತಾರೆ.

ಕಲ್ಲುಹೂವು ಬೇಸಿಗೆಯಲ್ಲೂ ಇರುತ್ತದೆ. ಪುಟ್ಟ ಕೊಡೆಯ ಅಣಬೆ ಮಳೆಯಲ್ಲಿ ಬಂದು ಹೋಗುತ್ತದೆ. ಇದು ಮೊದಲನೇ ಗುರುತು.

ಆರು ಪ್ರಶ್ನೆ ಕೇಳಿ

ಅಣಬೆ ಕಂಡ ಕೂಡಲೆ ಹೆಸರು ಹೇಳಬೇಡಿ. ಮೊದಲು ಆರು ಪ್ರಶ್ನೆ ಕೇಳಿ. ಉತ್ತರವನ್ನು ಪುಸ್ತಕದಲ್ಲಿ ಬರೆಯಿರಿ.

1. ಯಾವ ಮರ? ಮರ ಬದುಕಿದೆಯೋ, ಸತ್ತಿದೆಯೋ?

2. ಎಷ್ಟು ದೊಡ್ಡದು? ಎಳ್ಳಿನಷ್ಟೋ, ಜೋಳದ ಕಾಳಿನಷ್ಟೋ, ಹಣೆಯ ಬೊಟ್ಟಿನಷ್ಟೋ, ಅಂಗೈಯಷ್ಟೋ?

3. ಆಕಾರ ಹೇಗಿದೆ? ಕೊಡೆಯೋ, ಗಂಟೆಯೋ, ಬೀಸಣಿಗೆಯೋ, ಕಿವಿಯೋ, ಹಲಗೆಯೋ?

4. ಕಾಂಡ ಇದೆಯೋ, ಇಲ್ಲವೋ?

5. ಕೆಳಭಾಗ ಹೇಗಿದೆ? ಪುಸ್ತಕದ ಹಾಳೆಯ ಹಾಗೆ ಪದರ ಪದರವೋ? ಜರಡಿಯ ಹಾಗೆ ತೂತು ತೂತೋ? ನುಣ್ಣಗೋ?

6. ಒಂಟಿಯೋ, ಗುಂಪೋ?

ಐದನೇ ಪ್ರಶ್ನೆ ಮುಖ್ಯ. ಮೇಲಿನ ಬಣ್ಣ ಮಳೆಗೆ, ಬಿಸಿಲಿಗೆ ಬದಲಾಗುತ್ತದೆ. ಕೆಳಗಿನ ರಚನೆ ಸುಲಭಕ್ಕೆ ಬದಲಾಗುವುದಿಲ್ಲ. ಸೀರೆಯ ಬಣ್ಣ ಮಾಸಬಹುದು, ನೇಯ್ಗೆ ಬದಲಾಗುತ್ತದೆಯೇ? ಹಾಗೆಯೇ ಇದು.

ಐದು ಬಗೆ ಗುರುತಿಸೋಣ

ಬೀಸಣಿಗೆ ಅಣಬೆ: ಒಂದರಿಂದ ನಾಲ್ಕು ಸೆಂಟಿಮೀಟರ್ ಅಗಲ. ಬೂದು ಬೆರೆತ ಬಿಳಿ ಬಣ್ಣ. ಮೇಲೆ ಸಣ್ಣ ರೋಮ ಇರುತ್ತದೆ. ಕಾಂಡ ಇಲ್ಲವೆಂದೇ ಹೇಳಬೇಕು. ಕೆಳಗೆ ಪದರಗಳಿವೆ. ಒಂದೊಂದು ಪದರವೂ ಉದ್ದಕ್ಕೆ ಎರಡಾಗಿ ಸೀಳಿರುತ್ತದೆ. ಸತ್ತ ಕೊಂಬೆ, ಕೊರಡಿನ ಮೇಲೆ ಬೆಳೆಯುತ್ತದೆ. ಬಿಸಿಲಿಗೆ ಸುರುಟಿಕೊಳ್ಳುತ್ತದೆ. ಮಳೆ ಬಿದ್ದರೆ ಮತ್ತೆ ಅರಳುತ್ತದೆ. ಒಣ ಸೀಮೆಯಲ್ಲಿ ಬದುಕಲು ಅದು ಕಂಡುಕೊಂಡ ಉಪಾಯ ಅದು. ಪ್ರಪಂಚದ ಬಹುಪಾಲು ಕಡೆ ಇದು ಇದೆ. ವಿಜ್ಞಾನಿಗಳು ಇದನ್ನು ಸ್ಕಿಜೋಫಿಲಮ್ ಎನ್ನುತ್ತಾರೆ.

ಮರಗಿವಿ: ಹೆಸರೇ ಗುರುತು. ಮನುಷ್ಯರ ಕಿವಿಯ ಆಕಾರ. ಕಂದು ಬಣ್ಣ. ಮುಟ್ಟಿದರೆ ರಬ್ಬರಿನ ಹಾಗೆ ಮೆತ್ತಗೆ. ಪದರವೂ ಇಲ್ಲ, ತೂತೂ ಇಲ್ಲ. ಒಣಗಿದರೆ ಗಟ್ಟಿ ಹಕ್ಕಳೆ ಆಗುತ್ತದೆ. ನೆನೆದರೆ ಮತ್ತೆ ಕಿವಿ ಆಗುತ್ತದೆ.

ಪುಟ್ಟ ಟೊಪ್ಪಿಗೆ: ಕೂಸು ಕಿತ್ತಿದ್ದು ಇಂಥದ್ದೇ. ಟೊಪ್ಪಿಗೆ ಕೆಲವು ಮಿಲಿಮೀಟರ್ ಅಗಲ. ಕಾಂಡ ನೂಲಿನಂತೆ. ಕೆಳಗೆ ತೆಳು ಪದರ. ತೇವದ ತೊಗಟೆ, ಪಾಚಿಯ ನಡುವೆ ಏಳುತ್ತದೆ. ಒಂದೆರಡು ದಿನ ಬಾಳುತ್ತದೆ. ಮೈಸೀನಾ ಎಂಬ ಕುಲದಲ್ಲಿ ಇಂಥ ನೂರಾರು ಜಾತಿಗಳಿವೆ. ಆದರೆ ಬೇರೆ ಕುಲದ ಅಣಬೆಗಳೂ ಹೀಗೇ ಕಾಣುತ್ತವೆ. ಬರೀ ಕಣ್ಣಿನಿಂದ ಜಾತಿ ಹೇಳಲು ಬಲ್ಲವರಿಗೂ ಕಷ್ಟ. ಸೂಕ್ಷ್ಮದರ್ಶಕದಲ್ಲಿ ಬೀಜಕಣ ನೋಡಬೇಕು.

ಜಾತ್ರೆ ಅಣಬೆ: ಕೊಳೆತ ಬೊಡ್ಡೆಯ ಬುಡದಲ್ಲಿ ನೂರಾರು ಒಟ್ಟಿಗೆ ಏಳುತ್ತವೆ. ಜಾತ್ರೆಗೆ ಜನ ನೆರೆದ ಹಾಗೆ ಕಾಣುತ್ತದೆ. ಒಂದೊಂದೂ ಪುಟ್ಟ ಗಂಟೆಯಂತೆ. ಗಂಟೆಯ ಮೇಲೆ ಲಂಗದ ನೆರಿಗೆಯಂಥ ಗೆರೆ. ಮೊದಲು ಬಿಳಿ, ಆಮೇಲೆ ಬೂದು. ಮುಟ್ಟಿದರೆ ಪುಡಿಯಾಗುತ್ತದೆ. ಇದಕ್ಕೆ ವಿಜ್ಞಾನಿಗಳು ಕೊಪ್ರಿನೆಲ್ಲಸ್ ಎನ್ನುತ್ತಾರೆ.

ಹಲಗೆ ಅಣಬೆ: ಗೋಡೆಗೆ ಬಡಿದ ಹಲಗೆಯಂತೆ ಮರಕ್ಕೆ ಅಂಟಿರುತ್ತದೆ. ಕಟ್ಟಿಗೆಯಂತೆ ಗಟ್ಟಿ. ಕೆಳಗೆ ಜರಡಿಯಂಥ ಸಣ್ಣ ತೂತು. ಒಂದು ಬಗೆ ಕುಂಕುಮದ ಹಾಗೆ ಕೆಂಪಗೆ ಇರುತ್ತದೆ. ಅದು ಸತ್ತ ಕೊರಡಿನ ಮೇಲೆ ಬರುತ್ತದೆ. ಇನ್ನೊಂದು ಬಗೆ ಕಂದುಗೆಂಪು. ಎಣ್ಣೆ ಹಚ್ಚಿದಂತೆ ಹೊಳೆಯುತ್ತದೆ. ಅದರ ಹೆಸರು ಗ್ಯಾನೋಡರ್ಮಾ. ಹುಟ್ಟುವಾಗ ಅದೂ ಪುಟ್ಟ ಬಿಳಿ ಗುಂಡಿಯಂತೆ ಇರುತ್ತದೆ. ಈ ಹೆಸರು ನೆನಪಿಡಿ. ಮುಂದೆ ಬರುತ್ತದೆ.

ಈ ಕನ್ನಡ ಹೆಸರುಗಳನ್ನು ಆಕಾರ ನೋಡಿ ಪಾಠಕ್ಕಾಗಿ ಇಟ್ಟಿದ್ದೇವೆ. ನಿಮ್ಮ ಊರಲ್ಲಿ ಬೇರೆ ಹೆಸರು ಇರಬಹುದು. ಹಿರಿಯರನ್ನು ಕೇಳಿ ಬರೆದಿಡಿ.

ಮಾಡಿ ನೋಡಿ: ಅಣಬೆಯ ಹೆಬ್ಬೆಟ್ಟು

ನಾವು ಮೊದಲು ಹೆಬ್ಬೆಟ್ಟು ಒತ್ತುತ್ತಿದ್ದೆವು. ಈಗ ಸಹಿ ಮಾಡುತ್ತೇವೆ. ಅಣಬೆಗೆ ಸಹಿ ಬಾರದು. ಅದರ ಹೆಬ್ಬೆಟ್ಟು ತೆಗೆಯೋಣ.

ಒಂದು ಬಿಳಿ ಕಾಗದ, ಒಂದು ಕಪ್ಪು ಕಾಗದ ಪಕ್ಕ ಪಕ್ಕ ಅಂಟಿಸಿ. ಪದರ ಇರುವ ಅಣಬೆಯ ಟೊಪ್ಪಿಗೆ ಬಿಡಿಸಿ. ಪದರ ಕೆಳಗೆ ಬರುವಂತೆ ಎರಡು ಕಾಗದದ ನಡುವೆ ಇಡಿ. ಟೊಪ್ಪಿಗೆಯ ಮೇಲೆ ಒಂದು ಹನಿ ನೀರು ಹಾಕಿ. ಗಾಜಿನ ಲೋಟ ಬೋರಲು ಹಾಕಿ. ಮಕ್ಕಳ ಕೈಗೆ ಸಿಗದ ಕಡೆ ಇಡಿ. ಅಡುಗೆ ಮನೆಯಲ್ಲಿ ಬೇಡ.

ಮರುದಿನ ಲೋಟ ತೆಗೆಯಿರಿ. ಟೊಪ್ಪಿಗೆಯನ್ನು ಮೆಲ್ಲಗೆ ಎತ್ತಿ. ಬೀಜಕಣ ಉದುರಿ ಕಾಗದದ ಮೇಲೆ ರಂಗೋಲಿಯಂಥ ಗುರುತು ಬಿದ್ದಿರುತ್ತದೆ. ಬಿಳಿ ಪುಡಿ ಕಪ್ಪು ಕಾಗದದಲ್ಲಿ ಕಾಣುತ್ತದೆ. ಕಂದು, ಕಪ್ಪು ಪುಡಿ ಬಿಳಿ ಕಾಗದದಲ್ಲಿ ಕಾಣುತ್ತದೆ. ಪುಟ್ಟ ಟೊಪ್ಪಿಗೆ ಮೈಸೀನಾ ಆದರೆ ಪುಡಿ ಬಿಳಿ. ಜಾತ್ರೆ ಅಣಬೆಯ ಪುಡಿ ಕಪ್ಪು ಅಥವಾ ಕಪ್ಪುಗಂದು. ಟೊಪ್ಪಿಗೆ ಒಂದೇ ಥರ ಕಂಡರೂ ಪುಡಿಯ ಬಣ್ಣ ಬೇರೆಯಾದರೆ ಅವು ಬೇರೆ ಬೇರೆ.

ಮುಗಿದ ಮೇಲೆ ಲೋಟ ತೊಳೆಯಿರಿ. ಸಾಬೂನು ಹಚ್ಚಿ ಕೈ ತೊಳೆಯಿರಿ. ಪುಡಿಯನ್ನು ಮೂಗಿನ ಹತ್ತಿರ ಹಿಡಿಯಬೇಡಿ.

ಕಪ್ಪೆಯ ಮೈಮೇಲೆ ಅಣಬೆ

ಕಲಿಸುವ ಅಕ್ಕ ಒಂದು ನಿಜ ಸಂಗತಿ ಹೇಳಿದಳು.

ಉಡುಪಿ ಜಿಲ್ಲೆಯಲ್ಲಿ ಕಾರ್ಕಳ ಇದೆ. ಅಲ್ಲಿಂದ ಕುದುರೆಮುಖದ ಬೆಟ್ಟ ಏರುವ ದಾರಿಯಲ್ಲಿ ಮಾಳ ಎಂಬ ಊರು. 2023ರ ಜೂನ್ ತಿಂಗಳು. ಕೆಲವರು ಕಪ್ಪೆ ನೋಡಲು ಅಲ್ಲಿಗೆ ಹೋದರು. ರಸ್ತೆ ಪಕ್ಕದ ಸಣ್ಣ ಹೊಂಡದಲ್ಲಿ ಕಪ್ಪೆಗಳಿದ್ದವು. ಒಂದು ಕಪ್ಪೆಯ ಮಗ್ಗುಲಲ್ಲಿ ಪುಟ್ಟ ಅಣಬೆ ಬೆಳೆದಿತ್ತು! ಕಪ್ಪೆ ಬದುಕಿತ್ತು, ಓಡಾಡುತ್ತಿತ್ತು.

ಅವರು ಕಪ್ಪೆಯನ್ನು ಹಿಡಿಯಲಿಲ್ಲ. ಅಣಬೆ ಕೀಳಲಿಲ್ಲ. ಫೋಟೋ ತೆಗೆದರು. ಜಾಗ, ದಿನ ಬರೆದುಕೊಂಡರು. ಅಣಬೆ ಬಲ್ಲವರು ಫೋಟೋ ನೋಡಿ ಮೈಸೀನಾ ಕುಲದ್ದು ಎಂದರು. ಮರದ ತೊಗಟೆಯಲ್ಲಿ ಬೆಳೆಯುವ ಅದೇ ಪುಟ್ಟ ಟೊಪ್ಪಿಗೆಯ ಕುಲ. 2024ರಲ್ಲಿ ಈ ಸುದ್ದಿ ವಿಜ್ಞಾನದ ಪತ್ರಿಕೆಯಲ್ಲಿ ಬಂತು. ಲೋಕವೆಲ್ಲ ಓದಿತು. ಬದುಕಿರುವ ಕಪ್ಪೆಯ ಮೇಲೆ ಕೊಡೆ ಬೆಳೆದದ್ದನ್ನು ಅದಕ್ಕೆ ಮೊದಲು ಯಾರೂ ಬರೆದಿರಲಿಲ್ಲ.

"ಫೋಟೋ ತೆಗದು ಬರದಿಟ್ಟಿದ್ದಕ್ಕ ಇಷ್ಟು ದೊಡ್ಡ ಹೆಸರಾತು," ಎಂದಳು ಸಂಡೂರಿನ ಅಕ್ಕ.

ಹೌದು. ಈವರೆಗೆ ಸುಮಾರು ಒಂದೂವರೆ ಲಕ್ಷ ಬಗೆಯ ಶಿಲೀಂಧ್ರಕ್ಕೆ ಹೆಸರು ಇಟ್ಟಿದ್ದಾರೆ. ಹೆಸರಿಲ್ಲದವು ಇನ್ನೂ 20 ಲಕ್ಷ ಇರಬಹುದೆಂದು ಅಂದಾಜು. ನಿಮ್ಮ ಹಿತ್ತಿಲ ಮರದಲ್ಲೂ ಒಂದು ಇದ್ದೀತು.

ಅಣಬೆ ಹೇಳುವ ಮರದ ಸುದ್ದಿ

ಈಗ ಗ್ಯಾನೋಡರ್ಮಾ ವಿಷಯ. ಸತ್ತ ತೊಗಟೆಯ ಮೇಲಿನ ಪುಟ್ಟ ಟೊಪ್ಪಿಗೆಯಿಂದ ಮರಕ್ಕೆ ತೊಂದರೆ ಇಲ್ಲ. ಅದನ್ನು ನೋಡಿ ಮರ ಕಡಿಸಬೇಡಿ. ಆದರೆ ಬದುಕಿರುವ ಮರದ ಬುಡದಲ್ಲಿ ಹಲಗೆ ಅಣಬೆ ಎದ್ದರೆ ಎಚ್ಚರ. ಮರದ ಒಳಗೆ ಕೊಳೆ ಹಿಡಿದಿರಬಹುದು. ಹೊರಗೆ ಎಲೆ ಹಸಿರಾಗಿರಬಹುದು. ಒಳಗೆ ಬೇರು, ಬೊಡ್ಡೆ ಟೊಳ್ಳಾಗಿರಬಹುದು. ಗಾಳಿ ಮಳೆಗೆ ಅಂಥ ಮರ ಉರುಳುತ್ತದೆ.

ಅಂಥ ಮರದ ಕೆಳಗೆ ಮಕ್ಕಳನ್ನು ಆಡಲು ಬಿಡಬೇಡಿ. ದನ ಕಟ್ಟಬೇಡಿ. ಗ್ರಾಮ ಪಂಚಾಯಿತಿಗೆ ಅಥವಾ ನಗರಸಭೆಗೆ ಅರ್ಜಿ ಬರೆಯಿರಿ. ಮರ ಎಲ್ಲಿದೆ, ಅಣಬೆ ಯಾವಾಗ ಕಂಡಿತು, ಎಷ್ಟು ಅಣಬೆ ಇವೆ ಎಂದು ಬರೆಯಿರಿ. ಬಲ್ಲವರು ಬಂದು ನೋಡಲಿ. ಅರ್ಜಿಯ ಒಂದು ನಕಲು ನಿಮ್ಮ ಹತ್ತಿರ ಇರಲಿ.

"ನಮ್ಮ ತೆಂಗಿನ ಬುಡದಾಗೂ ಇಂಥದ್ದ ಎದ್ದಿತ್ತು," ಎಂದಳು ಕಂಪ್ಲಿಯ ಅಕ್ಕ. "ಮೊದಲು ಬುಡದಾಗ ಕೆಂಪು ನೀರು ಸೋರಿತು. ಗರಿ ಜೋತು ಬಿದ್ದವು. ಅಣಬಿ ಬಂದು ವರ್ಷದಾಗ ಮರ ಹೋತು. ಯಾರದೋ ಕಣ್ಣು ಬಿತ್ತು ಅಂದ್ಕೊಂಡ್ವಿ."

ಅದು ಕಣ್ಣು ಬಿದ್ದದ್ದಲ್ಲ ಅಕ್ಕಾ. ಅದಕ್ಕೆ ಅಣಬೆ ರೋಗ ಎಂದೇ ಹೆಸರು. ಗ್ಯಾನೋಡರ್ಮಾ ತೆಂಗಿನ ಬೇರನ್ನು ಕೊಳೆಸುತ್ತದೆ. ಅಡಿಕೆಗೂ ಈ ರೋಗ ಬರುತ್ತದೆ. ಕೊಡೆ ಹೊರಗೆ ಬರುವ ಹೊತ್ತಿಗೆ ರೋಗ ಒಳಗೆ ಬಲಿತಿರುತ್ತದೆ. ಆದ್ದರಿಂದ ಕೆಂಪು ನೀರು ಸೋರಿದಾಗಲೇ ಎಚ್ಚರಾಗಬೇಕು.

ರೋಗದ ಮರದ ಸುತ್ತ ಕಂದಕ ತೋಡಿ. ಅದರ ಬೇರು ಪಕ್ಕದ ಮರದ ಬೇರಿಗೆ ತಾಗಬಾರದು. ರೋಗದ ಮರಕ್ಕೆ ಬಿಟ್ಟ ನೀರು ಒಳ್ಳೆಯ ಮರಕ್ಕೆ ಹರಿಯಬಾರದು. ಒಳ್ಳೆಯ ಮರಗಳಿಗೆ ವರ್ಷಕ್ಕೆ 5 ಕಿಲೋ ಬೇವಿನ ಹಿಂಡಿ ಹಾಕಿ. ಹಿಂಡಿಗೆ ಟ್ರೈಕೋಡರ್ಮಾ ಪುಡಿ ಬೆರೆಸುತ್ತಾರೆ. ಅದೂ ಒಂದು ಶಿಲೀಂಧ್ರವೇ. ಕೆಟ್ಟ ಶಿಲೀಂಧ್ರವನ್ನು ಒಳ್ಳೆಯ ಶಿಲೀಂಧ್ರ ತಡೆಯುತ್ತದೆ. ಎಷ್ಟು, ಹೇಗೆ ಎಂದು ತೋಟಗಾರಿಕೆ ಇಲಾಖೆಯಲ್ಲಿ ಕೇಳಿ.

ಒಂದು ಮರ ಹೋಯಿತು. ಗುರುತು ತಿಳಿದಿದ್ದರೆ ಉಳಿದ ಮರ ಉಳಿಯುತ್ತವೆ.

ತಿನ್ನಬಹುದೇ?

"ಮಣಿಪುರದ ಕಡೆ ಬೀಸಣಿಗೆ ಅಣಬೆ ತಿನ್ನುತ್ತಾರೆ. ಮಲೆನಾಡಿನಲ್ಲಿ ಹುತ್ತದ ಮೇಲಿನ ಅಣಬೆ ತಿನ್ನುತ್ತಾರೆ," ಎಂದಳು ಕಲಿಸುವ ಅಕ್ಕ. "ಅವರು ತಲೆತಲಾಂತರದಿಂದ ಗುರುತು ಬಲ್ಲವರು. ಹಾಗಿದ್ದೂ ಮೋಸ ಹೋದವರಿದ್ದಾರೆ. ಪಾಠ ಓದಿ ಗುರುತು ಕಲಿತ ನಾವು ತಿನ್ನಬಾರದು. ಗುರುತಿಸುವುದು ಬೇರೆ. ಬಾಯಿಗೆ ಹಾಕುವುದು ಬೇರೆ."

ಜನ ಹೇಳುವ ಈ ಮಾತುಗಳು ಸುಳ್ಳು:

ಮರದ ಮೇಲಿನ ಅಣಬೆಯಲ್ಲಿ ವಿಷ ಇಲ್ಲ. ಸುಳ್ಳು. ಗ್ಯಾಲೆರಿನಾ ಎಂಬ ಪುಟ್ಟ ಕಂದು ಅಣಬೆ ಇದೆ. ತಂಪು ಸೀಮೆಗಳಲ್ಲಿ ಕೊಳೆತ ಮರದ ಮೇಲೆ ಬೆಳೆಯುತ್ತದೆ. ಅದರಲ್ಲಿ ಲಿವರ್ ಕೆಡಿಸುವ ವಿಷ ಇದೆ.

ಬೆಳ್ಳಿ ನಾಣ್ಯ ಹಾಕಿದರೆ ವಿಷ ಗೊತ್ತಾಗುತ್ತದೆ. ಸುಳ್ಳು.

ಹುಳ ತಿಂದ ಅಣಬೆ ನಾವೂ ತಿನ್ನಬಹುದು. ಸುಳ್ಳು. ಹುಳದ ಹೊಟ್ಟೆ ಬೇರೆ, ನಮ್ಮ ಹೊಟ್ಟೆ ಬೇರೆ.

ಚೆನ್ನಾಗಿ ಕುದಿಸಿದರೆ ವಿಷ ಹೋಗುತ್ತದೆ. ಸುಳ್ಳು. ಜೀವ ತೆಗೆಯುವ ವಿಷ ಕುದಿಸಿದರೂ ಹೋಗುವುದಿಲ್ಲ.

ಅಣಬೆ ತಿನ್ನುವ ಆಸೆ ಇದ್ದರೆ ಬೆಳೆದು ತಿನ್ನಿ. ಚಿಪ್ಪು ಅಣಬೆ ಕೂಡ ಮೂಲದಲ್ಲಿ ಮರದ ಮೇಲೆ ಬೆಳೆಯುವುದೇ. ಅದನ್ನು ಭತ್ತದ ಹುಲ್ಲಿನಲ್ಲಿ ಬೆಳೆಸುತ್ತಾರೆ. ಕಂಪ್ಲಿಯ ಕಡೆ ಭತ್ತದ ಹುಲ್ಲಿಗೆ ಬರವಿಲ್ಲ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆ ಅಣಬೆ ಬೇಸಾಯ ಕಲಿಸುತ್ತದೆ. ಒಳ್ಳೆಯ ಬೀಜ ತಂದರೆ ಒಳ್ಳೆಯ ಅಣಬೆ ಬರುತ್ತದೆ.

ಯಾರಾದರೂ ತಿಂದರೆ ಏನು ಮಾಡಬೇಕು?

1. ಬಾಯಲ್ಲಿ ಉಳಿದದ್ದನ್ನು ಬೆರಳಿನಿಂದ ತೆಗೆಯಿರಿ. ಬಾಯಿ ತೊಳೆಸಿ.

2. ಉಪ್ಪು ನೀರು ಕುಡಿಸಿ ವಾಂತಿ ಮಾಡಿಸಬೇಡಿ. ಮನೆ ಮದ್ದು ಮಾಡುತ್ತಾ ಕೂರಬೇಡಿ.

3. 108ಕ್ಕೆ ಫೋನ್ ಮಾಡಿ. ಕೂಡಲೆ ಆಸ್ಪತ್ರೆಗೆ ಹೋಗಿ.

4. ಉಳಿದ ಅಣಬೆಯನ್ನು ಕಾಗದದಲ್ಲಿ ಸುತ್ತಿ ಒಯ್ಯಿರಿ. ಪ್ಲಾಸ್ಟಿಕ್ ಚೀಲದಲ್ಲಿ ಬೇಗ ಕೊಳೆಯುತ್ತದೆ. ಫೋಟೋ ಇದ್ದರೆ ತೋರಿಸಿ.

5. ಚೀಟಿ ಬರೆಯಿರಿ. ಯಾರು ತಿಂದರು, ಎಷ್ಟು ಗಂಟೆಗೆ, ಎಷ್ಟು, ಯಾವ ಮರದ್ದು, ವಾಂತಿ ಯಾವಾಗ ಶುರುವಾಯಿತು. ಗಾಬರಿಯಲ್ಲಿ ಬಾಯಿ ಮಾತು ಮರೆಯುತ್ತದೆ. ಬರೆದದ್ದು ಮರೆಯುವುದಿಲ್ಲ.

ಇನ್ನೊಂದು ಮಾತು. ತಿಂದ ಕೂಡಲೆ ಏನೂ ಆಗದಿದ್ದರೆ ಸುಮ್ಮನಿರಬೇಡಿ. ಕೆಟ್ಟ ವಿಷ ಆರು ಗಂಟೆಯ ಮೇಲೆ ತೋರುತ್ತದೆ. ಕೆಲವು ಸಲ ಹನ್ನೆರಡು ಗಂಟೆಯೂ ಆಗುತ್ತದೆ. ವಾಂತಿ ಭೇದಿ ಆಗಿ ಒಂದು ದಿನ ನಿಂತ ಹಾಗೆ ಕಾಣುತ್ತದೆ. ಮನೆಯವರು ಗುಣವಾಯಿತು ಅಂದುಕೊಳ್ಳುತ್ತಾರೆ. ಆಗಲೇ ಒಳಗೆ ಲಿವರ್ ಕೆಡುತ್ತಿರುತ್ತದೆ. ಆದ್ದರಿಂದ ಕಾಯಬಾರದು.

"ಹಂಗಾರ ಎರಡನೇದು ಸಿಗದಿದ್ರ, ಕೂಸು ನಗ್ತಾ ಇದ್ರೂ ದವಾಖಾನಿಗೆ ಹೋಗಬೇಕಿತ್ತು," ಎಂದಳು ಅಜ್ಜಿ.

"ಹೌದು ಅಜ್ಜಿ. ಅದೇ ಉತ್ತರ," ಎಂದಳು ಕಲಿಸುವ ಅಕ್ಕ.

ಅಜ್ಜಿಯ ಪುಸ್ತಕ

ಬಿಸಿಲು ಏರಿತು. ತೊಗಟೆಯ ಮೇಲಿನ ಪುಟ್ಟ ಕೊಡೆಗಳು ಬಾಡತೊಡಗಿದವು. ಅಜ್ಜಿ ಮೊಮ್ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಅವಳ ಕೈ, ಬಾಯಿ ಮತ್ತೊಮ್ಮೆ ತೊಳೆದಳು. ಆಮೇಲೆ ಪೆನ್ಸಿಲ್ ಹಿಡಿದು ಬರೆದಳು. ಅಕ್ಷರ ದೊಡ್ಡದಾಗಿದ್ದವು. ಗೆರೆ ಸೊಟ್ಟಗಿತ್ತು. ಆದರೆ ತಪ್ಪು ಇರಲಿಲ್ಲ.

ಮರ: ಹುಣಸೆ. ಬದುಕಿದೆ.
ಜಾಗ: ಬುಡದಿಂದ ಒಂದು ಮೊಳ ಮೇಲೆ. ಪಾಚಿಯಲ್ಲಿ.
ಗಾತ್ರ: ಜೋಳದ ಕಾಳಿಗಿಂತ ಸಣ್ಣದು.
ಬಣ್ಣ: ಬಿಳಿ. ಕಾಂಡ ಇದೆ.
ಕೆಳಗೆ: ಪದರ.
ಎಷ್ಟು: ಎರಡು ಕಿತ್ತಿದೆ. ಹನ್ನೊಂದು ಇವೆ.
ಹೆಸರು: ಗೊತ್ತಿಲ್ಲ.

"ಹೆಸರು ಗೊತ್ತಿಲ್ಲ ಅಂತ ಬರದೀನಿ. ನಡೀತೈತೇನು?" ಎಂದು ಅಜ್ಜಿ ಕೇಳಿದಳು.

"ನಡೆಯುತ್ತದೆ ಅಜ್ಜಿ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಬರೆಯುವುದೇ ಸರಿಯಾದ ಗುರುತು."

ಪ್ರಶ್ನೆಗಳು

1. ಅಣಬೆಗೆ ಹಸಿರು ಬಣ್ಣ ಯಾಕೆ ಇಲ್ಲ? ಅದು ಊಟಕ್ಕೆ ಏನು ಮಾಡುತ್ತದೆ?

2. ಕಲ್ಲುಹೂವಿಗೂ ಅಣಬೆಗೂ ಏನು ವ್ಯತ್ಯಾಸ?

3. ತೆಂಗಿನ ಬುಡದಲ್ಲಿ ಕೆಂಪು ನೀರು ಸೋರಿದರೆ ಏನು ಮಾಡುತ್ತೀರಿ?

4. ಅಣಬೆ ತಿಂದ ಮಗು ನಗುತ್ತಾ ಆಡುತ್ತಿದೆ. ಆಸ್ಪತ್ರೆಗೆ ಹೋಗಬೇಕೇ? ಯಾಕೆ?

ನೀವೇ ಮಾಡಿ

ಮಳೆ ಬಂದ ಮೇಲೆ ಮನೆಯ ಹತ್ತಿರದ ಒಂದು ಮರ ನೋಡಿ. ಆರು ಪ್ರಶ್ನೆಗೆ ಉತ್ತರ ಬರೆಯಿರಿ. ಬರೆದದ್ದನ್ನು ಮನೆಯ ಮಕ್ಕಳಿಗೆ ಓದಿ ಹೇಳಿ. ತಿನ್ನಬಾರದು ಎಂಬ ಮಾತನ್ನು ಎರಡು ಸಲ ಓದಿ.

ಹೊಸ ಪದಗಳು

ತೊಗಟೆ: ಮರದ ಹೊರ ಸಿಪ್ಪೆ.
ಶಿಲೀಂಧ್ರ: ಅಣಬೆ, ಬೂಷ್ಟಿನ ಕುಲ.
ಬೀಜಕಣ: ಅಣಬೆಯ ಬೀಜ.
ಭೂತಗನ್ನಡಿ: ಸಣ್ಣದನ್ನು ದೊಡ್ಡದಾಗಿ ತೋರಿಸುವ ಗಾಜು.
ಸೂಕ್ಷ್ಮದರ್ಶಕ: ಕಣ್ಣಿಗೆ ಕಾಣದ್ದನ್ನು ತೋರಿಸುವ ಯಂತ್ರ.